ಫರಸಿಯ ಮೇಲೆ ಬಿಚ್ಚಿದ ಬುತ್ತಿ

ಚಿತ್ತಾಪುರದ ಲಾಲಮ್ಮ ಊಟದ ಗಂಟು ಬಿಚ್ಚಿದಳೆಂದರೆ ಎದುರಿಗೆ ಯಾರಿದ್ದರೂ ಕರೆಯಲೇಬೇಕು. ಬಸ್ಸಿನಲ್ಲಿ ಕಂಡಕ್ಟರನನ್ನು ಕರೆಯುತ್ತಿದ್ದಳು. ಆಸ್ಪತ್ರೆಯಲ್ಲಿ ಸೂಜಿ ಹಿಡಿದು ನಿಂತ ನರ್ಸಮ್ಮನನ್ನೂ ಕರೆಯುತ್ತಿದ್ದಳು. ಒಮ್ಮೆ ಜಗಳಕ್ಕೆಂದೇ ಬಂದ ಪಕ್ಕದ ಮನೆಯವನನ್ನು "ಮೊದಲ ಊಟಕ್ಕ ಬರ್ರಿ, ಅಮ್ಯಾಲ ಬೈರಿ" ಎಂದು ಎಳೆದು ಕೂರಿಸಿದ್ದಳು. ಇದು ಅವಳೊಬ್ಬಳ ದೊಡ್ಡತನವೇನಲ್ಲ, ಆ ಸೀಮೆಯವರೆಲ್ಲರ ರೂಢಿಯೇ ಹಾಗೆ. ಉಣ್ಣುವವರು "ಬರ್ರಿ ಊಟಕ್ಕ" ಎನ್ನಬೇಕು, ಕರೆಸಿಕೊಂಡವರು ಹೊಟ್ಟೆ ಚುರುಗುಟ್ಟುತ್ತಿದ್ದರೂ "ನೀವು ಮಾಡ್ರಿ, ನಮ್ದು ಆಗ್ಯಾದ" ಎನ್ನಬೇಕು. ಅಲ್ಲಿಗೆ ಎರಡೂ ಕಡೆಯ ಮರ್ಯಾದೆ ಉಳಿಯಿತು. ಕರೆದ ಕೂಡಲೇ ಬಂದು ಕುಳಿತುಬಿಡುವವರನ್ನು ಲಾಲಮ್ಮ ತನ್ನ ಇಷ್ಟು ವರ್ಷದ ಬಾಳಿನಲ್ಲಿ ನೋಡಿಯೇ ಇರಲಿಲ್ಲ.

ಅಂಗನವಾಡಿಯ ಕೆಲಸ ಮುಗಿಸಿ ಮನೆಯಲ್ಲಿ ಕೂತ ಮೇಲೆ ಅವಳು ಊರಿನ ವಾಕಿಂಗ್ ಗುಂಪಿಗೆ ಸೇರಿದ್ದಳು. ಗುಂಪಿನ ಯಜಮಾನರು ಸುರೇಶಕುಮಾರ ಸರ್, ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಮಕ್ಕಳಿಗೆ ಹೇಳಿ ತೀರದೆ ಉಳಿದ ಇತಿಹಾಸವನ್ನೆಲ್ಲ ಈಗ ವಾಕಿಂಗಿನವರ ಮೇಲೆ ತೀರಿಸಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಎಲ್ಲರನ್ನೂ ಹೊರಡಿಸುತ್ತಿದ್ದರು. ಬೀದರಿನ ಕೋಟೆ ಆಗಿತ್ತು, ಕಲಬುರಗಿಯ ಹಳೆಯ ಮಸೀದಿ ಆಗಿತ್ತು. ಈ ಸಲ ಸಿಕಂದರಾಬಾದಿನ ಹಳೆಯ ಚರ್ಚುಗಳು. ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ವಾಪಸು.

ಲಾಲಮ್ಮ ಸೊಸೆ ರಾಧಿಕಾಳನ್ನೂ ಹೊರಡಿಸಿದಳು. ರಾಧಿಕಾ ಆಗ ಬಸುರಿ. ಹಿಂದೆ ಎರಡು ಸಲ ನಿಂತದ್ದು ನಾಲ್ಕನೇ ತಿಂಗಳು ದಾಟದೆ ಹೋಗಿತ್ತು. ಆ ಎರಡೂ ಸಲ ಅವಳನ್ನು ಹಾಸಿಗೆ ಬಿಟ್ಟು ಏಳಗೊಟ್ಟಿರಲಿಲ್ಲ. ಈ ಸಲ ಡಾಕ್ಟರಮ್ಮ "ಮಲಗಿಸಿ ಏನು ಉಳಿಸಿದಿರಿ? ಓಡಾಡಲಿ, ನಗಲಿ" ಎಂದು ಬೈದಿದ್ದರು. ಸುದ್ದಿ ಗೊತ್ತಿದ್ದದ್ದು ಮನೆಯ ಮೂವರಿಗೆ ಮಾತ್ರ: ಲಾಲಮ್ಮ, ರಾಧಿಕಾ, ಮತ್ತು ವಾಡಿಯ ಸಿಮೆಂಟು ಕಾರ್ಖಾನೆಗೆ ಹೋಗುವ ಮಗ ಜೈಭೀಮ. ಆದರೆ ವಾಕಿಂಗ್ ಗುಂಪಿನಲ್ಲೇ ಇದ್ದ ಹಿಂದಿನ ಓಣಿಯ ಜಯಮಾಲಾ ಹೆಣ್ಣುಮಕ್ಕಳ ನಡಿಗೆ ನೋಡಿಯೇ ಲೆಕ್ಕ ಹಾಕುವವಳು.

"ಅಕ್ಕಾ, ಚರ್ಚಂದ್ರ ಬಾಜೂಕ ಗೋರಿ ಇರ್ತಾವ," ಎಂದಳು ಅವಳು ಸ್ಟೇಷನ್ನಿನಲ್ಲಿ, ಲಾಲಮ್ಮನನ್ನು ಬದಿಗೆ ಕರೆದು. "ಇಂಥಾ ಟೈಮಿನಾಗ ಸೊಸಿನ್ನ ಯಾಕ ಕರ್ಕೊಂಡು ಹೊಂಟಿ?"

"ನಾವು ಬುದ್ಧವಂದನಾ ಹೇಳೂ ಮಂದಿ. ದೆವ್ವ ಗಿವ್ವ ನಮ್ಮ ಮನಿ ಅಡ್ರೆಸ್ಸಿಗಿ ಬರಂಗಿಲ್ಲ," ಎಂದು ಲಾಲಮ್ಮ ನಕ್ಕಳು. ಬಾಯಲ್ಲಿ ನಕ್ಕಳೇ ಹೊರತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಈ ಕೂಸು ಉಳಿಯಬೇಕು, ಅದೊಂದೇ ಅವಳಿಗೆ ಬೇಕಾಗಿದ್ದದ್ದು. ರಾಧಿಕಾ ತಾಯಿಯಿಲ್ಲದ ಹುಡುಗಿ, ಬಾಣಂತನ ಮಾಡಬೇಕಾದವಳೂ ತಾನೇ. ಕೂಸಿಗೆಂದು ಹಳೆಯ ಮೆತ್ತನೆ ಸೀರೆಗಳನ್ನು ಒಗೆದು ಮಡಿಸಿ, ಯಾರಿಗೂ ಕಾಣದಂತೆ ಟ್ರಂಕಿನ ತಳದಲ್ಲಿ ಇಟ್ಟಿದ್ದಳು.

ಸಿಕಂದರಾಬಾದಿನಲ್ಲಿ ಮೊದಲು ನೋಡಿದ ಚರ್ಚು ಬೆಳ್ಳಗೆ ಎತ್ತರವಾಗಿತ್ತು, ಒಳಗೆ ಮದುವೆಯ ಹೂವು ಕಟ್ಟುತ್ತಿದ್ದರು. ಎರಡನೆಯದರಲ್ಲಿ ಸುರೇಶಕುಮಾರ ಸರ್ ಬಣ್ಣದ ಗಾಜಿನ ಬಗ್ಗೆ ಎಷ್ಟು ಹೇಳಿದರೆಂದರೆ, ಕೇಳುವವರು ಒಬ್ಬೊಬ್ಬರೇ ಬೆಂಚಿಗೆ ಒರಗಿ ಕಣ್ಣು ಮುಚ್ಚಿದರು. ಮೂರನೆಯದು ಒಂದು ಸಣ್ಣ ಓಣಿಯ ಕೊನೆಯಲ್ಲಿತ್ತು. ಹಿಂದಿನ ಕಾಲದಲ್ಲಿ ರೈಲಿನ ಕೆಲಸಗಾರರು ಕೂಡುತ್ತಿದ್ದ ಚರ್ಚಂತೆ. ಕೆಂಪು ಇಟ್ಟಿಗೆಯ ಗೋಡೆ, ಹಿಂದೆ ದೊಡ್ಡ ಹುಣಸೆಮರ. ಅಲ್ಲಿಗೆ ಬರುವಾಗ ಹೊತ್ತು ನಡುನೆತ್ತಿ ದಾಟಿತ್ತು, ರಾಧಿಕಾಳ ಮುಖ ಬಾಡಿತ್ತು.

ಉಳಿದವರು ಒಳಗೆ ಹೋದರು. ಲಾಲಮ್ಮ ಸೊಸೆಯನ್ನು ಕರೆದುಕೊಂಡು ಹಿಂದಿನ ನೆರಳಿಗೆ ಬಂದಳು. ಮರದ ಬುಡದಲ್ಲಿ ಒಣಗಿದ ಎಲೆಗಳ ನಡುವೆ ನೆಲಕ್ಕೆ ಹಾಸಿದ ಒಂದು ಉದ್ದನೆಯ ಕಲ್ಲು ಕಂಡಿತು.

"ಅಯ್ಯ, ಇದು ನಮ್ಮ ಶಹಾಬಾದಿ ಫರಸಿ!" ಎಂದು ಲಾಲಮ್ಮ ಹಿಗ್ಗಿದಳು.

ಹಿಗ್ಗಬೇಕಾದದ್ದೇ. ಅವಳ ಮನೆಯ ನೆಲ ಅದೇ ಕಲ್ಲು, ಅಂಗಳ ಅದೇ ಕಲ್ಲು, ಬಟ್ಟೆ ಒಗೆಯುವುದು, ಮಧ್ಯಾಹ್ನ ಸೆರಗು ಹಾಸಿ ಮಲಗುವುದು ಅದರ ಮೇಲೆಯೇ. ಆ ಕಡೆಯವರಿಗೆ ಫರಸಿ ಕಂಡರೆ ಕೂಡಬೇಕು ಎನಿಸುತ್ತದೆಯೇ ಹೊರತು ಅದರ ಕೆಳಗೆ ಏನಿದೆ ಎಂದು ಯೋಚಿಸಬೇಕು ಎನಿಸುವುದಿಲ್ಲ. ಲಾಲಮ್ಮ ಸೆರಗಿನಿಂದ ಎಲೆ ಸರಿಸಿ ಕುಳಿತಳು, ರಾಧಿಕಾಳನ್ನೂ ಕೂರಿಸಿದಳು. ಗಂಟು ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಡಬ್ಬಿಯಲ್ಲಿದ್ದ ಮೊಸರು ಬುತ್ತಿಯನ್ನು ಹರವಿದಳು. ತಲೆ ಎತ್ತಿದಾಗ ಹುಣಸೆಮರದ ಆಚೆ ಒಬ್ಬ ಹೆಂಗಸು ನಿಂತಿದ್ದಳು. ಬೂದಿ ಬಣ್ಣದ ಸೀರೆ, ತುಂಬಿದ ಬಸುರಿ, ನಿಲ್ಲಲಾಗದೆ ಮರಕ್ಕೆ ಕೈ ಕೊಟ್ಟಿದ್ದಳು.

"ಬಾ ಯವ್ವಾ, ಊಟಕ್ಕ ಬಾ," ಎಂದಳು ಲಾಲಮ್ಮ, ಎಂದಿನಂತೆ. ಎಂದು, ಅವಳ ಬಾಯಿಂದ "ನಮ್ದು ಆಗ್ಯಾದ" ಬರುವುದನ್ನು ಕಾದಳು.

ಹೆಂಗಸು ಬಂದಳು. ಎಲೆಗಳ ಮೇಲೆ ನಡೆದರೂ ಸಪ್ಪಳವಾಗಲಿಲ್ಲ. ಬಂದು ಫರಸಿಯ ಆಚೆ ತುದಿಗೆ ಕುಳಿತು, ಎರಡೂ ಕೈ ಚಾಚಿದಳು. ಲಾಲಮ್ಮ ರೊಟ್ಟಿಯ ಮೇಲೆ ಮೊಸರು ಬುತ್ತಿ ಇಟ್ಟು ಕೊಟ್ಟಳು.

"ಬುತ್ತಿ ತಂದೀರಿ," ಎಂದಳು ಆ ಹೆಂಗಸು. ತೆಲುಗಲ್ಲ, ಹಿಂದಿಯಲ್ಲ, ಅಪ್ಪಟ ವಾಡಿ-ಚಿತ್ತಾಪುರದ ಮಾತು. "ಭಾಳ ತಡ ಮಾಡಿದ್ರಿ."

"ಏನ್ ಮಾಡೂದವ್ವಾ, ನಮ್ಮ ಸರ್ ಬಿಡಬೇಕಲ್ಲ," ಎಂದಳು ಲಾಲಮ್ಮ. "ನೀ ನಮ್ಮ ಕಡಿ ಹೆಣಮಗಳೇನು? ಯಾ ಊರು?"

"ಅತ್ತಿ," ಎಂದಳು ರಾಧಿಕಾ, ಬಾಯಿಗೆ ಇಟ್ಟ ತುತ್ತನ್ನು ಹಾಗೆಯೇ ಹಿಡಿದು. "ಯಾರ ಜೋಡಿ ಮಾತಾಡ್ಲಿಕತ್ತೀರಿ?"

ಲಾಲಮ್ಮ ಸೊಸೆಯ ಕಡೆ ನೋಡಿ ಮತ್ತೆ ಈಚೆ ತಿರುಗಿದಾಗ ಫರಸಿಯ ತುದಿಯಲ್ಲಿ ಯಾರೂ ಇರಲಿಲ್ಲ. ಕೊಟ್ಟ ರೊಟ್ಟಿ ಕಲ್ಲಿನ ಮೇಲೆಯೇ ಇತ್ತು. ಅದರ ಮೇಲಿನ ಬುತ್ತಿ ಮಾತ್ರ ಹನಿ ತೇವವೂ ಇಲ್ಲದೆ ಒಣಗಿ, ಅಗುಳುಗಳು ಬಿಡಿಬಿಡಿಯಾಗಿ ಬೆಳ್ಳಗೆ ಹರಡಿದ್ದವು. ಈಗಷ್ಟೇ ಡಬ್ಬಿಯಿಂದ ತೆಗೆದ ಮೊಸರನ್ನ ಅದು. ಲಾಲಮ್ಮ ಅಲ್ಲಿನ ಎಲೆಗಳನ್ನು ಕೈಯಿಂದ ಸರಿಸಿದಳು. ಕಲ್ಲಿನಲ್ಲಿ ಒಂದು ಸಣ್ಣ ಶಿಲುಬೆ ಕೊರೆದಿತ್ತು, ಹೆಸರಿರಲಿಲ್ಲ.

ಅಷ್ಟರಲ್ಲಿ ಸರ್ ಗುಂಪಿನೊಂದಿಗೆ ಬಂದರು. "ಅರೇ, ಗೋರಿ ಮ್ಯಾಲ ಊಟಕ್ಕ ಕುಂತೀರಲ್ರಿ ಲಾಲಮ್ಮ!" ಎಂದು ಗಾಬರಿಯಾದರು. ಆದರೆ ಆ ಗಾಬರಿಯಲ್ಲೂ ಇತಿಹಾಸ ಬಿಡಲಿಲ್ಲ. ಆಗೆಲ್ಲ ಈ ಕಲ್ಲು ಶಹಾಬಾದಿನಿಂದ ರೈಲಿನಲ್ಲಿಯೇ ಬರುತ್ತಿತ್ತೆಂದೂ, ಬಡ ಕೆಲಸಗಾರರ ಗೋರಿಗೆ ಹೆಸರು ಕೆತ್ತಿಸುವವರು ಇರುತ್ತಿರಲಿಲ್ಲವೆಂದೂ ಹೇಳಿದರು. ಜಯಮಾಲಾ ರಾಧಿಕಾಳ ಕೈ ಹಿಡಿದು ಎಬ್ಬಿಸಿ ನೆರಳಿನಿಂದ ಹೊರಗೆ ಕರೆದೊಯ್ದಳು. ಲಾಲಮ್ಮ ಗಂಟು ಕಟ್ಟಿದಳು.

ಸಂಜೆಯ ಗಾಡಿ ಕಿಕ್ಕಿರಿದಿತ್ತು. ರಾಧಿಕಾಳಿಗೆ ಕಿಟಕಿಯ ಹತ್ತಿರ ಜಾಗ ಸಿಕ್ಕಿತು, ಎದುರಿಗೆ ಲಾಲಮ್ಮ. ವಿಚಿತ್ರವೆಂದರೆ ರಾಧಿಕಾಳ ಪಕ್ಕದ ಜಾಗ ಖಾಲಿಯೇ ಉಳಿಯಿತು. ನಿಂತವರು ಬರುತ್ತಿದ್ದರು, ಕೂಡಲೆಂದು ಬಾಗುತ್ತಿದ್ದರು, ಮತ್ತೇನೋ ನೆನಪಾದವರ ಹಾಗೆ ಮುಂದೆ ಹೋಗುತ್ತಿದ್ದರು. ಜಯಮಾಲಾ ಒಂದು ಗಳಿಗೆ ಅಲ್ಲಿ ಕುಳಿತು, "ಇಲ್ಲಿ ಭಾಳ ಥಂಡಿ ಅದ ನೋಡಕ್ಕ" ಎಂದು ಎದ್ದು ಆಚೆ ಹೋದಳು.

ವಿಕಾರಾಬಾದ ದಾಟಿ ಬೆಳಕು ಮಾಸುತ್ತಿದ್ದಾಗ ಆ ಖಾಲಿ ಜಾಗದಲ್ಲಿ ಬೂದಿ ಸೀರೆಯವಳು ಕುಳಿತಿದ್ದಳು.

ಲಾಲಮ್ಮ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಬುದ್ಧವಂದನೆ ಹೇಳಿದಳು, ಮೂರು ಸಲ ಹೇಳಿದಳು. ಕಣ್ಣು ತೆರೆದರೆ ಅವಳು ಅಲ್ಲಿಯೇ ಇದ್ದಳು, ದೂರದ ಪ್ರಯಾಣದಲ್ಲಿ ದಣಿದವರು ಕೂರುವ ಹಾಗೆ, ಒಂದು ಕೈಯನ್ನು ರಾಧಿಕಾಳ ಹೊಟ್ಟೆಯ ಮೇಲಿಟ್ಟುಕೊಂಡು. ರಾಧಿಕಾ ಕಿಟಕಿಗೆ ತಲೆಯಿಟ್ಟು ಮಲಗಿದ್ದಳು. ಲಾಲಮ್ಮ ಆ ಹೆಂಗಸಿನ ಹೊಟ್ಟೆಯನ್ನು ನೋಡಿದಳು. ಮಧ್ಯಾಹ್ನ ತುಂಬು ಬಸುರಿಯಾಗಿದ್ದವಳ ಹೊಟ್ಟೆ ಈಗ ಅಷ್ಟಿರಲಿಲ್ಲ. ತಾಂಡೂರಿಗೆ ಬಂದಾಗ ಇನ್ನೂ ಇಳಿದಿತ್ತು.

"ಅತ್ತಿ," ಎಂದು ರಾಧಿಕಾ ಎಚ್ಚರಾಗಿ ಮುಖ ಹಿಂಡಿದಳು. "ಹೊಟ್ಟಿ ಹಿಡಕೊಂಡಂಗ ಆಗ್ಲಿಕತ್ತದ. ಹಿಂದಿನ ಸಲ ಆಗಿದ್ದಂಗೇ." ಅವಳ ಕಣ್ಣು ತುಂಬಿದವು.

ಲಾಲಮ್ಮನಿಗೆ ಕೂಗಬೇಕೆನಿಸಿತು, ಆದರೆ ಕೂಗಿ ಯಾರಿಗೆ ಏನೆಂದು ಹೇಳುವುದು? ಅವಳು ಬಾಗಿ, ಉಳಿದವರಿಗೆ ಖಾಲಿಯೇ ಕಾಣುವ ಆ ಜಾಗಕ್ಕೆ ಪಿಸುದನಿಯಲ್ಲಿ ಕೇಳಿದಳು, "ಯಾಕವ್ವಾ? ನಿನಗ ಉಣಲಾಕ ಕೊಟ್ಟಾಕಿ ನಾನು. ನನ್ನ ಸೊಸಿ ನಿನಗೇನ್ ಮಾಡ್ಯಾಳ?"

"ಏನೂ ಮಾಡಿಲ್ರಿ," ಎಂದಳು ಅವಳು, ಸಮಾಧಾನದ ದನಿಯಲ್ಲಿ. "ನೀವು ಬುತ್ತಿ ತಂದು ಕರದ್ರಿ, ನಾ ಬಂದೆ. ನನ್ನ ಕೂಸಿಗಿ ಹುಟ್ಟಲಾಕ ಜಾಗ ಇದ್ದಿಲ್ಲ. ಇಲ್ಲಿ ಜಾಗ ಅದ."

ಆಗ ಲಾಲಮ್ಮನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಆ ಸೀಮೆಯಲ್ಲಿ ಬಸುರಿ ಮಗಳನ್ನು ಬಾಣಂತನಕ್ಕೆ ಕರೆಯಲು ಹೋಗುವ ತವರಿನವರು ಬರಿಗೈಯಲ್ಲಿ ಹೋಗುವುದಿಲ್ಲ. ಮೊಸರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಮಗಳ ಮುಂದೆ ಗಂಟು ಬಿಚ್ಚಿ ಊಟಕ್ಕೆ ಕರೆಯುತ್ತಾರೆ, ಉಂಡ ಮೇಲೆ ಮಗಳು ಎದ್ದು ಅವರ ಜೊತೆ ಹೊರಡುತ್ತಾಳೆ. ಲಾಲಮ್ಮ ಅದೆಲ್ಲವನ್ನೂ ಮಾಡಿದ್ದಳು, ಒಬ್ಬಳ ಗೋರಿಯ ಮೇಲೆ ಕುಳಿತು.

ಗಾಡಿ ಸೇಡಂ ಸ್ಟೇಷನ್ನಿಗೆ ಬಂದು ನಿಧಾನವಾಯಿತು. ಚಿತ್ತಾಪುರ ಮುಂದಿತ್ತು, ಮನೆ ಮುಂದಿತ್ತು. ಅವಳನ್ನು ಮನೆಯ ಹೊಸ್ತಿಲು ದಾಟಿಸಬಾರದು ಎಂದು ಲಾಲಮ್ಮ ಗಟ್ಟಿ ಮಾಡಿಕೊಂಡಳು. ಊಟದ ಗಂಟು ಎತ್ತಿಕೊಂಡು ನಿಂತು, "ಜಯಮಾಲಾ, ರಾಧಿಕಾನ ಕೈ ಬಿಡಬ್ಯಾಡ. ಮನಿ ತನಕ ನೀನೇ ಬಿಡು. ನಂದು ಸೇಡಂದಾಗ ಒಂದು ಜರೂರು ಕೆಲಸ ಅದ," ಎಂದಳು. ಆಮೇಲೆ ಖಾಲಿ ಜಾಗದ ಕಡೆ ತಿರುಗಿ ಮೆಲ್ಲಗೆ, "ಏಳು ಮಗಳಾ. ಬುತ್ತಿ ತಂದಾಕಿ ನಾನು. ನನ್ನ ಜೋಡಿ ಬಾ," ಎಂದಳು.

ಕರೆದವರ ಹಿಂದೆ ಹೋಗುವುದು ಕರೆಸಿಕೊಂಡವರ ಮರ್ಯಾದೆ. ಅವಳು ಎದ್ದು ಬಂದಳು.

ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಒಂದು ಫರಸಿಯ ಬೆಂಚಿತ್ತು. ಇಬ್ಬರೂ ಅಲ್ಲಿ ಕುಳಿತರು. ಗಾಡಿಯ ಹಿಂದಿನ ಕೆಂಪು ದೀಪ ಕಣ್ಮರೆಯಾಗುವ ಮೊದಲೇ ಲಾಲಮ್ಮನ ಫೋನು ಬಡಿಯಿತು. "ಅತ್ತಿ, ನೋವು ಹೋಯ್ತು, ಒಮ್ಮಿಂದೊಮ್ಮೆ ಹೋಯ್ತು. ನೀವ್ಯಾಕ ಇಳಿದ್ರಿ?" ಎಂದಳು ರಾಧಿಕಾ. ಲಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಪಕ್ಕದವಳು ಅವಳ ಅಳು ಮುಗಿಯುವವರೆಗೂ ಕಾದಳು. ಅವಳ ಹೊಟ್ಟೆ ಮತ್ತೆ ತುಂಬಿಕೊಂಡಿತ್ತು.

"ನಂದು ವಾಡಿ," ಎಂದಳು. "ಗಂಡ ರೈಲಿನ ಕೆಲಸಕ್ಕಿದ್ದ. ಸಿಕಂದರಾಬಾದಿಗಿ ಹೋದ ಮ್ಯಾಲ ನಾವು ಚರ್ಚಿಗಿ ಹೋಗ್ಲಿಕತ್ತಿದ್ವಿ, ಏಸುನ ಮಂದಿ ಆದ್ವಿ. ಅಣ್ಣ ಬುತ್ತಿ ತಗೊಂಡು ಬರ್ತೀನಂತ ಹೇಳಿದ್ದ. ಈ ಸುದ್ದಿ ಕೇಳಿದ ಮ್ಯಾಲ ಬರ್ಲಿಲ್ಲ. ನಾ ದಿನಾ ಗಾಡಿ ದಾರಿ ನೋಡ್ತಿದ್ದೆ. ನೋವು ಬಂದಾಗೂ ಬಾಗಲಾ ತಗದೇ ಇಟ್ಟಿದ್ದೆ."

ಲಾಲಮ್ಮನೂ ಹಾಗೆ ಬಾಗಿಲು ತೆಗೆದಿಟ್ಟವಳೇ. ಗಂಡ ರಾಮಲಿಂಗ ಬದುಕಿದ್ದ ಕಾಲ. ಇಬ್ಬರೂ ದೀಕ್ಷೆ ತೆಗೆದುಕೊಂಡು ಬೌದ್ಧರಾದ ವರ್ಷವೇ ಜೈಭೀಮ ಹೊಟ್ಟೆಯಲ್ಲಿದ್ದ. ಮನೆಯ ದೇವರುಗಳ ಫೋಟೋ ತೆಗೆದರಂತೆ ಎಂಬ ಸುದ್ದಿ ಚಿಂಚೋಳಿಯ ತವರಿಗೆ ಮುಟ್ಟಿದ್ದೇ, ಅವ್ವ ಕಟ್ಟಿದ್ದ ಬುತ್ತಿಯನ್ನು ಅಪ್ಪ ದನಕ್ಕೆ ಹಾಕಿದನಂತೆ. ಲಾಲಮ್ಮನ ಬಾಣಂತನವನ್ನು ಅತ್ತೆಯೇ ಮಾಡಿದಳು. ಆ ನೋವನ್ನು ಲಾಲಮ್ಮ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಊಟಕ್ಕೆ ಕರೆಯುವ ಚಟ ಅವಳಿಗೆ ಹತ್ತಿದ್ದು ಅಲ್ಲಿಂದಲೇ.

"ನಾನೂ ಬುತ್ತಿ ದಾರಿ ನೋಡಿದಾಕಿನೇ, ಮಗಳಾ," ಎಂದಳು ಕೊನೆಗೆ. "ನನಗ ಅತ್ತಿ ಇದ್ದಳು, ನಿನಗ ಯಾರೂ ಇದ್ದಿಲ್ಲ. ನಿನ್ನ ಬಾಣಂತನ ನಾ ಮಾಡ್ತೀನಿ. ಆದ್ರ ನನ್ನ ಸೊಸಿಗೂ ಅವ್ವ ಇಲ್ಲ. ಮೊದಲ ಆಕಿದು ಮುಗೀಲಿ, ಆಕಿ ಕೂಸು ಆಕಿ ಮಡಲಾಗ ಇರ್ಲಿ. ಅಮ್ಯಾಲ ನಾನೇ ಬುತ್ತಿ ಕಟಗೊಂಡು ಬರ್ತೀನಿ. ಅಲ್ಲೀತನಕ ಇಲ್ಲೇ ಕುಂದ್ರು. ಮುಂದ ಬರಬ್ಯಾಡ."

"ಅಣ್ಣನೂ ಬರ್ತೀನಂತ ಹೇಳಿದ್ದ," ಎಂದಳು ಅವಳು.

"ನಾ ನಿನ್ನ ಅಣ್ಣ ಅಲ್ಲ," ಎಂದಳು ಲಾಲಮ್ಮ.

ರಾಧಿಕಾಳ ಫೋನು ಬಂದು ಜೈಭೀಮ ಬೈಕಿನಲ್ಲಿ ಬಂದಾಗ ತಾಯಿ ಬೆಂಚಿನ ಒಂದು ತುದಿಯಲ್ಲಿ ಒಬ್ಬಳೇ ಕುಳಿತಿದ್ದಳು. ಹೊರಡುವಾಗ ಹಿಂದೆ ತಿರುಗಿ, ಬೆಂಚಿನ ಇನ್ನೊಂದು ತುದಿಯ ಕಡೆ ಎರಡು ಸಲ ತಲೆ ಆಡಿಸಿದಳು.

ನಾಲ್ಕನೇ ತಿಂಗಳು ದಾಟಿತು, ಐದು ದಾಟಿತು, ಮನೆಯಲ್ಲಿ ನಗು ಬಂತು. ಚಳಿಗಾಲಕ್ಕೆ ಹೆಣ್ಣುಕೂಸು ಹುಟ್ಟಿತು. ಮೈತ್ರಿ ಎಂದು ಹೆಸರಿಟ್ಟರು. ಲಾಲಮ್ಮ ಸೊಸೆಗೆ ನೀರೆರೆದಳು, ಕೆಂಡದಲ್ಲಿ ಮೈ ಕಾಯಿಸಿದಳು, ಖಾರ-ಕೊಬ್ಬರಿ ಉಣಿಸಿದಳು, ಕೂಸಿಗೆ ಎಣ್ಣೆ ತಿಕ್ಕಿ ಕಾಲ ಮೇಲೆ ಹಾಕಿಕೊಂಡು ಹಾಡಿದಳು. ಊರವರು ಅವಳಲ್ಲಿ ಕಂಡ ಬದಲಾವಣೆ ಒಂದೇ. ಲಾಲಮ್ಮ ಈಗ ಬಾಗಿಲು ಮುಚ್ಚಿಕೊಂಡು ಉಣ್ಣುತ್ತಿದ್ದಳು, ಯಾರನ್ನೂ ಊಟಕ್ಕೆ ಕರೆಯುತ್ತಿರಲಿಲ್ಲ.

ಸೇಡಂ ಸ್ಟೇಷನ್ನಿನ ಕೊನೆಯ ಬೆಂಚಿನ ಸುದ್ದಿಯೂ ಅವಳ ಕಿವಿಗೆ ಬಿದ್ದಿತ್ತು. ಕಡು ಬೇಸಿಗೆಯಲ್ಲೂ ಆ ಕಲ್ಲು ತಣ್ಣಗೆ ಕೊರೆಯುತ್ತದಂತೆ, ಯಾರೂ ಕೂರುವುದಿಲ್ಲವಂತೆ. ಗಾಡಿ ಬಂದಾಗಲೆಲ್ಲ ಅಲ್ಲಿ ಯಾರೋ ಎದ್ದು ನಿಂತು ಬೋಗಿ ಬೋಗಿಯನ್ನೂ ನೋಡಿ ಮತ್ತೆ ಕುಳಿತಂತಾಗುತ್ತದೆ ಎಂದು ಜಯಮಾಲಾ ಬಂದು ಹೇಳಿದಳು. ಲಾಲಮ್ಮ ಕೂಸಿನ ಕುಂಚಿಗೆ ಕಟ್ಟುತ್ತಾ ಕೇಳಿಸದವಳಂತೆ ಕುಳಿತಳು.

ಬಾಣಂತನ ಮುಗಿದಿತ್ತು. ರಾಧಿಕಾ ಎದ್ದು ಓಡಾಡುತ್ತಿದ್ದಳು. ಲಾಲಮ್ಮ ಇವತ್ತು ನಾಳೆ ಎನ್ನುತ್ತಿದ್ದಳು. ಕೊಟ್ಟ ಮಾತು ತಪ್ಪುವ ಮನಸ್ಸಿರಲಿಲ್ಲ, ಆದರೆ ಕೂಸು ಈಗಷ್ಟೇ ಅವಳನ್ನು ಗುರುತು ಹಿಡಿದು ನಗಲು ಕಲಿತಿತ್ತು. ಆ ನಗು ಬಿಟ್ಟು ಹೋಗಲು ಯಾವ ಅಜ್ಜಿಗೆ ಕಾಲು ಬರುತ್ತದೆ?

ಒಂದು ಮಧ್ಯಾಹ್ನ ಮೈತ್ರಿ ಹಾಲು ಕುಡಿಯುತ್ತಿದ್ದವಳು ಬಾಯಿ ಬಿಟ್ಟು ಬಾಗಿಲ ಕಡೆ ತಿರುಗಿದಳು. ಆಮೇಲೆ ಎಷ್ಟು ರಮಿಸಿದರೂ ಕುಡಿಯಲಿಲ್ಲ, ಅಳಲೂ ಇಲ್ಲ. ಹೊಸ್ತಿಲನ್ನೇ ನೋಡುತ್ತಿದ್ದಳು. ಲಾಲಮ್ಮ ಹೊಸ್ತಿಲ ಹೊರಗಿನ ಫರಸಿಯ ಮೇಲೆ ಅಂಗೈ ಇಟ್ಟಳು. ಸುಡುವ ಬಿಸಿಲಿನಲ್ಲಿ ಅದು ಬಾವಿಯ ನೀರಿನಷ್ಟು ತಣ್ಣಗಿತ್ತು.

"ಬಂದೆ ಮಗಳಾ," ಎಂದಳು. "ನೀ ಹೊಳ್ಳಿ ಹೋಗು, ಅಲ್ಲೇ ಕುಂದ್ರು. ಬಂದೆ."

ಅನ್ನ ಮಾಡಿ ಮೊಸರು ಕಲಸಿದಳು. ರೊಟ್ಟಿ ಬಡಿದಳು. ಹಸಿರು ಸೀರೆಯೊಂದನ್ನು, ಬಾಣಂತಿಯ ಖಾರವನ್ನು, ಮೆತ್ತನೆಯ ಹಳೆಯ ಸೀರೆಯ ತುಂಡುಗಳನ್ನು ಚೀಲಕ್ಕೆ ಹಾಕಿದಳು. ಬೆಳಗಿನಿಂದ ತಿನ್ನದಿದ್ದವಳು ಈಗಲೂ ಏನೂ ಬಾಯಿಗೆ ಹಾಕಲಿಲ್ಲ. ಅವಳು ಸೀರೆ ಉಟ್ಟು ಬರುವಷ್ಟರಲ್ಲಿ ಮೈತ್ರಿ ಲೊಚಲೊಚ ಹಾಲು ಕುಡಿಯುತ್ತಿದ್ದಳು.

"ಎಲ್ಲಿಗಿ ಹೊಂಟೀರಿ ಅತ್ತಿ?" ಎಂದಳು ರಾಧಿಕಾ.

"ಒಬ್ಬಾಕಿ ಬಾಣಂತನ ಅದ. ಭಾಳ ದಿವ್ಸದಿಂದ ದಾರಿ ನೋಡ್ಲಿಕತ್ತಾಳ."

"ಯಾವಾಗ ಬರ್ತೀರಿ?"

ಲಾಲಮ್ಮ ಕೂಸಿನ ನೆತ್ತಿ ಮೂಸಿದಳು. ಸೊಸೆಯ ಕೆನ್ನೆ ಸವರಿದಳು. "ನೀ ಹೊತ್ತಿಗಿ ಸರಿಯಾಗಿ ಉಣ್ಣು," ಎಂದಷ್ಟೇ ಹೇಳಿ ಹೊಸ್ತಿಲು ದಾಟಿದಳು.

ಸೇಡಂ ಸ್ಟೇಷನ್ನಿನಲ್ಲಿ ಬಿಸಿಲು ಇಳಿದಿತ್ತು. ಕೊನೆಯ ಬೆಂಚಿನ ಮೇಲೆ ಲಾಲಮ್ಮ ಗಂಟು ಬಿಚ್ಚಿದಳು. ಎಷ್ಟೋ ತಿಂಗಳ ಮೇಲೆ ಬಾಯಿ ತುಂಬ ಕರೆದಳು: "ಬಾ ಯವ್ವಾ, ಊಟಕ್ಕ ಬಾ."

ಬೂದಿ ಸೀರೆಯವಳು ಬಂದು ಪಕ್ಕದಲ್ಲಿ ಕುಳಿತಳು. ಹಸಿರು ಸೀರೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಮುಖ ಮೊದಲ ಸಲ ಸರಿಯಾಗಿ ಕಂಡಿತು, ರಾಧಿಕಾಳಿಗಿಂತ ಚಿಕ್ಕ ಹುಡುಗಿ. ಅವಳು ಬುತ್ತಿಗೆ ಕೈ ಹಾಕಿ ತುತ್ತು ಕಟ್ಟಿದಳು. ಆದರೆ ತನ್ನ ಬಾಯಿಗೆ ಇಟ್ಟುಕೊಳ್ಳಲಿಲ್ಲ, ಲಾಲಮ್ಮನ ಬಾಯಿಯ ಹತ್ತಿರ ಹಿಡಿದಳು.

"ಮೊದಲ ನೀ ಉಣ್ಣು, ಯವ್ವಾ."

"ನಂದು ಆಗ್ಯಾದ" ಎಂಬ ಮಾತು ಲಾಲಮ್ಮನ ನಾಲಿಗೆಯ ತುದಿಗೆ ಬಂತು. ಜೀವನವಿಡೀ ಆಡಿದ ಮಾತು, ಆಡಿದ್ದರೆ ಯಾವ ಮರ್ಯಾದೆಗೂ ಕುಂದಿರಲಿಲ್ಲ. ಉಂಡವರು ಉಣಿಸಿದವರ ಜೊತೆ ಹೊರಡಬೇಕೆಂಬುದೂ ಅವಳಿಗೆ ಗೊತ್ತಿತ್ತು. ಆದರೆ ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ಮಗಳ ಹತ್ತಿರ ಸರಿದು ಕುಳಿತು ಬಾಯಿ ತೆರೆದಳು.